ನೀಳ ಹಾಡು, ಪದರದ ಚಿತ್ರ

ಹಾಸ್ಟೆಲಿನ ಮಿತ್ರರು ನನಗೆ ಇಟ್ಟಿರುವ ಹೆಸರು ‘ಇಪ್ಪತ್ತು ನಿಮಿಷ’. ನನ್ನ ಕೋಣೆಗೆ ಬಂದವರನ್ನು ‘ಒಂದೇ ಒಂದು ಹಾಡು ಕೇಳಿಕೊಂಡು ಹೋಗಿ’ ಎಂದು ಉಪಚರಿಸಿದರೆ ಸಾಕು, ಅವರಿಗೆ ಎಲ್ಲಿಲ್ಲದ ಕೆಲಸಗಳು ನೆನಪಾಗುತ್ತವೆ. ನನ್ನ ಒಂದು ಹಾಡು ಮುಗಿಯುವಷ್ಟರಲ್ಲಿ ಮೆಸ್ಸಿನಲ್ಲಿ ಸಾರು ಮುಗಿದಿರುತ್ತದೆಂಬುದು ಅವರ ಅನುಭವ. ಇದು ಸಾಲದೆಂಬಂತೆ ನನಗೆ ಇನ್ನೊಂದು ಹುಚ್ಚೂ ಉಂಟು. ಆ ಹಾಡುಗಳನ್ನು ಕೇಳುತ್ತ ಕೇಳುತ್ತ ಕಂಪ್ಯೂಟರಿನ ಮುಂದೆ ಕುಳಿತು, ಹತ್ತು ಕಡೆ ತೆಗೆದ ಹತ್ತು ಛಾಯಾಚಿತ್ರಗಳನ್ನು ಕತ್ತರಿಸಿ ಕೂಡಿಸಿ, ಎಲ್ಲಿಯೂ ಇಲ್ಲದ ಒಂದು ಹನ್ನೊಂದನೆಯ ಚಿತ್ರವನ್ನು ಮಾಡುವುದು. ‘ಇವೆರಡಕ್ಕೂ ಏನಯ್ಯಾ ಸಂಬಂಧ?’ ಎಂದು ಕೇಳಿದವರುಂಟು. ಸಂಬಂಧವಿದೆಯೆಂದು ತೋರಿಸುವುದೂ, ಈ ಎರಡು ಕಲೆಗಳು ಹೇಗೆ ನಡೆಯುತ್ತವೆಂದು ತಿಳಿದಮಟ್ಟಿಗೆ ಹೇಳುವುದೂ, ಕಳೆದ ಮಳೆಗಾಲದಲ್ಲಿ ಇವುಗಳಿಂದ ನನಗಾದ ಒಂದು ಪಾಠವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸುವುದೂ ಈ ಲೇಖನದ ಉದ್ದೇಶ.

ಮೊದಲು ಹಾಡಿನ ಮಾತು. ‘ಹಾಡೆಂದರೆ ಮೂರು ನಾಲ್ಕು ನಿಮಿಷದ್ದು’ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ಸಂಗೀತಶಾಸ್ತ್ರದ ನಿಯಮವಲ್ಲ, ಗ್ರಾಮಫೋನ್ ತಟ್ಟೆಯ ನಿಯಮ. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿದ್ದ ಹಳೆಯ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಕುಳಿತ ಗೌಹರ್ ಜಾನ್ ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಆ ಮೂರು ನಿಮಿಷದ ಡಬ್ಬಿಯಲ್ಲಿ ಅಡಕಬೇಕಾಯಿತು. ಆಕೆ ಅದನ್ನು ಅಡಕಿದ ಚಾತುರ್ಯಕ್ಕೆ ದೇಶವೇ ತಲೆದೂಗಿತು. ಆ ಮಹಾಗಾಯಕಿ ಕಡೆಯ ದಿನಗಳನ್ನು ಕಳೆದದ್ದು ನಮ್ಮ ನೆರೆಯ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. 1930ರಲ್ಲಿ ಅಲ್ಲಿಯೇ ಕಾಲವಾದರು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಯು ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ, ಹನ್ನೆರಡು ಅಂಗುಲ ಅಗಲದ ದೀರ್ಘವಾದನದ ತಟ್ಟೆಯನ್ನು ಹೊರತಂದಿತು. ಅದರ ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಜಾಗ. ಮನೆ ದೊಡ್ಡದಾದರೂ ಹಳೆಯ ಚಾಪೆಯನ್ನೇ ಮೂಲೆಯಲ್ಲಿ ಹಾಸಿಕೊಂಡು ಮಲಗುವವರಂತೆ, ಜನಪ್ರಿಯ ಗಾಯಕರು ಬಹುಕಾಲ ಆ ತಟ್ಟೆಯಲ್ಲಿಯೂ ಮೂರು ಮೂರು ನಿಮಿಷದ ಹಾಡುಗಳನ್ನೇ ಸಾಲಾಗಿ ಜೋಡಿಸುತ್ತಿದ್ದರು. ‘ಇಷ್ಟು ಜಾಗವಿರುವಾಗ ಇಡೀ ಮಗ್ಗುಲನ್ನು ಒಂದೇ ಹಾಡಿಗೆ ಏಕೆ ಕೊಡಬಾರದು?’ ಎಂಬ ಪ್ರಶ್ನೆ ಇಂಗ್ಲೆಂಡಿನ ಕೆಲವು ತರುಣರ ತಲೆಗೆ ಬಂದದ್ದು 1960ರ ದಶಕದ ಕೊನೆಗೆ. ಅವರು ರಾಕ್ ಸಂಗೀತದಲ್ಲಿ ಬೆಳೆದವರು. ಅದರ ಗಿಟಾರ್, ಡ್ರಮ್ಮುಗಳನ್ನು ಉಳಿಸಿಕೊಂಡು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅಂಗರಚನೆ, ಜಾಜ್ ಸಂಗೀತದ ಮನೋಧರ್ಮ, ಜಾನಪದದ ಮಟ್ಟು ಇವನ್ನೆಲ್ಲ ಅದರೊಡನೆ ಬೆಸೆದರು. ಹೀಗೆ ಹುಟ್ಟಿದ್ದಕ್ಕೆ ಪ್ರೊಗ್ರೆಸಿವ್ ರಾಕ್ ಎಂದು ಹೆಸರಾಯಿತು. 1969ರ ಅಕ್ಟೋಬರಿನಲ್ಲಿ ಬಂದ ಕಿಂಗ್ ಕ್ರಿಮ್‌ಸನ್ ತಂಡದ ಮೊದಲ ತಟ್ಟೆಯನ್ನು ಇದರ ಬಾಗಿಲೆಂದು ಬಹುಮಂದಿ ಎಣಿಸುವರು. ಮುಂದಿನ ಐದಾರು ವರ್ಷಗಳಲ್ಲಿ ಯೆಸ್, ಜೆನೆಸಿಸ್, ಪಿಂಕ್ ಫ್ಲಾಯ್ಡ್, ಜೆಥ್ರೊ ಟಲ್ ಮೊದಲಾದ ತಂಡಗಳು ಈ ದಾರಿಯನ್ನು ಹೆದ್ದಾರಿ ಮಾಡಿದವು. ಜೆಥ್ರೊ ಟಲ್ ತಂಡದವರಂತೂ 1972ರಲ್ಲಿ ತಟ್ಟೆಯ ಎರಡು ಮಗ್ಗುಲನ್ನೂ ಒಂದೇ ಹಾಡಿಗೆ ಕೊಟ್ಟು, ಅದಕ್ಕೆ ಹನ್ನೆರಡು ಪುಟದ ಒಂದು ಹುಸಿ ಊರಪತ್ರಿಕೆಯನ್ನೇ ಹೊದಿಕೆಯಾಗಿ ಅಚ್ಚು ಹಾಕಿಸಿದರು!

ನೀಳವಾಗಿರುವುದಷ್ಟೇ ಇದರ ಲಕ್ಷಣವಲ್ಲ. ಇನ್ನೊಂದು ಲಕ್ಷಣ ತಾಳದ್ದು. ಪಾಶ್ಚಾತ್ಯ ಜನಪ್ರಿಯ ಹಾಡುಗಳಲ್ಲಿ ನೂರಕ್ಕೆ ತೊಂಬತ್ತು ನಾಲ್ಕು ಎಣಿಕೆಯ ನಡೆಯವು. ಸಿಪಾಯಿಗಳು ನಡೆದಂತೆ, ಎಡ ಬಲ, ಎಡ ಬಲ. ಪ್ರೊಗ್ರೆಸಿವ್ ರಾಕಿನವರಿಗೆ ಈ ನಡಿಗೆ ಬೇಸರ ಬಂತು. ಜೆಥ್ರೊ ಟಲ್‌ನ 1969ರ ಒಂದು ಹಾಡು ಐದರ ಎಣಿಕೆಯದು. ಪಿಂಕ್ ಫ್ಲಾಯ್ಡ್ 1973ರಲ್ಲಿ ಹೊರತಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಎಂಬ ತಟ್ಟೆಯಲ್ಲಿ ‘ಮನಿ’ ಎಂಬ ಹಾಡಿದೆ. ಅದು ಏಳರ ಎಣಿಕೆಯದು. ಪಾಶ್ಚಾತ್ಯ ಕೇಳುಗರು ಇದನ್ನು ಒಂದು ದೊಡ್ಡ ಸಾಹಸವೆಂದು ಬಣ್ಣಿಸುವಾಗ ನನಗೆ ಒಳಗೊಳಗೇ ನಗು ಬರುತ್ತದೆ. ಐದರ ಖಂಡಚಾಪು, ಏಳರ ಮಿಶ್ರಚಾಪು ನಮ್ಮಲ್ಲಿ ದಾಸರ ಪದ ಹೇಳುವ ಅಜ್ಜಿಯರ ಕೈಯಲ್ಲೂ ಸಲೀಸಾಗಿ ಓಡಾಡುತ್ತವೆ. ‘ತಕಿಟ ತಕಧಿಮಿ’ ಎಂದು ಮೂರೂ ನಾಲ್ಕೂ ಸೇರಿಸಿ ಬೆರಳು ಮಡಿಸಿದರೆ ಏಳಾಯಿತು. ಆದರೂ ಆ ಹಾಡಿನಲ್ಲಿ ಒಂದು ಜಾಣತನವನ್ನು ಮೆಚ್ಚಲೇಬೇಕು. ಹಾಡೆಲ್ಲ ಏಳರಲ್ಲಿ ಕುಂಟುತ್ತ ಕುಣಿಯುತ್ತ ಬಂದು, ಗಿಟಾರ್ ವಾದನದ ಸರದಿ ಬಂದೊಡನೆ ನಾಲ್ಕರ ನಡೆಗೆ ಹೊರಳುತ್ತದೆ. ಗುಡ್ಡದ ತಿರುವುಗಳಲ್ಲಿ ತೂಗಾಡಿಕೊಂಡು ಬಂದ ಬಸ್ಸು ಕುಶಾಲನಗರದ ಬಯಲು ಸೇರಿದೊಡನೆ ವೇಗ ಹಿಡಿದಂತೆ, ಅಲ್ಲಿಯವರೆಗೆ ಬಿಗಿದಿದ್ದ ಮೈ ತಾನಾಗಿ ಸಡಿಲುತ್ತದೆ.

ಅದೇ ಹಾಡಿನ ಆರಂಭದಲ್ಲಿ ನಾಣ್ಯಗಳ ಝಣಝಣ, ಹಣದ ಪೆಟ್ಟಿಗೆಯ ಗಂಟೆ, ಕಾಗದ ಹರಿಯುವ ಸದ್ದು ತಾಳಕ್ಕೆ ಸರಿಯಾಗಿ ಕೇಳಿಬರುತ್ತವೆ. ಅದನ್ನು ಮಾಡಿದ ಕಾಲಕ್ಕೆ ಕಂಪ್ಯೂಟರಿನ ನೆರವಿರಲಿಲ್ಲ. ಒಂದೊಂದು ಸದ್ದನ್ನೂ ಟೇಪಿನಲ್ಲಿ ಮುದ್ರಿಸಿ, ಅಳತೆಕೋಲಿನಿಂದ ಅಳೆದು ಸಮನಾದ ಏಳು ತುಂಡುಗಳಾಗಿ ಕತ್ತರಿಸಿ, ಕೊನೆಗೆ ಕೊನೆ ಅಂಟಿಸಿ ಬಳೆಯಂತೆ ಮಾಡಿ ತಿರುಗಿಸಿದರು. ಕಿಂಗ್ ಕ್ರಿಮ್‌ಸನ್ ಬಳಸಿದ ಮೆಲೊಟ್ರಾನ್ ಎಂಬ ವಾದ್ಯವೂ ಇಂಥದೇ. ನೋಡಲು ಹಾರ್ಮೋನಿಯಮ್ಮಿನ ಅಣ್ಣನಂತಿರುವ ಅದರ ಒಂದೊಂದು ಮನೆಯ ಕೆಳಗೂ ಪಿಟೀಲುಗಳದೋ ಕೊಳಲಿನದೋ ಧ್ವನಿಯನ್ನು ಮುದ್ರಿಸಿದ ಒಂದೊಂದು ತುಂಡು ಟೇಪು ಇರುತ್ತದೆ. ಮನೆಯನ್ನು ಒತ್ತಿದರೆ ಟೇಪು ಓಡುತ್ತದೆ. ಎಂಟು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಬೆರಳೆತ್ತಿ ಮತ್ತೆ ಒತ್ತಬೇಕು. ಕತ್ತರಿಸುವುದು ಮತ್ತು ಕೂಡಿಸುವುದು ಈ ಸಂಗೀತದ ಮರ್ಮದಲ್ಲಿಯೇ ಇದೆ. ವಾಚಕರು ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಚಿತ್ರದ ವಿಚಾರಕ್ಕೆ ಬಂದಾಗ ಇದು ಬೇಕಾಗುತ್ತದೆ.

‘ಇಷ್ಟು ನೀಳವಾದ ಹಾಡನ್ನು ಕೇಳುವ ತಾಳ್ಮೆ ಯಾರಿಗಿದೆ?’ ಎನ್ನುವವರಿಗೆ ನಾನು ಉತ್ತರವನ್ನು ಇಂಗ್ಲೆಂಡಿನಿಂದ ತರಬೇಕಾಗಿಲ್ಲ. ಹುತ್ತರಿಯ ದಿನಗಳಲ್ಲಿ, ಮದುವೆಯ ಮನೆಗಳಲ್ಲಿ, ಹಿರಿಯರು ತೀರಿಕೊಂಡ ಮನೆಗಳಲ್ಲಿಯೂ ಕೊಡವರ ದುಡಿಕೊಟ್ಟ್ ಪಾಟನ್ನು ಕೇಳಿದವರು ಈ ಪ್ರಶ್ನೆಯನ್ನು ಕೇಳಲಾರರು. ನಾಲ್ವರು ನಿಂತು ಅಂಗೈಯಗಲದ ದುಡಿಯನ್ನು ಬಾರಿಸುತ್ತ ಹಾಡುವರು. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವರು. ನಾಡಿನ ಹೊಗಳಿಕೆಯಿಂದ ತೊಡಗಿ, ಮನೆತನದ ಕಥೆಗೆ ಇಳಿದು, ಒಬ್ಬ ಮನುಷ್ಯನ ಬಾಳು ಸಾವುಗಳನ್ನು ಹಾಯ್ದು ಹಾಡು ಹರಿಯುತ್ತದೆ. ಗಡಿಯಾರ ನೋಡುವವರು ಅಲ್ಲಿ ಯಾರೂ ಇರುವುದಿಲ್ಲ. ಈ ಹಾಡುಗಳನ್ನೂ ನಾಡಿನ ಪದ್ಧತಿಗಳನ್ನೂ ನಡಿಕೇರಿಯಂಡ ಚಿಣ್ಣಪ್ಪನವರು ಮನೆಮನೆ ತಿರುಗಿ ಕೂಡಿಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಗಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಈಗ ನೂರು ವರ್ಷ ದಾಟಿದೆ. ದುಡಿಯ ಹಾಡಿಗೂ ವಿದ್ಯುತ್ ಗಿಟಾರಿನ ಹಾಡಿಗೂ ನಂಟಿದೆಯೆಂದು ನಾನು ಹೇಳುತ್ತಿಲ್ಲ. ನೀಳ ಹಾಡನ್ನು ಕೇಳುವ ಕಿವಿ ಈ ಗುಡ್ಡಗಳಲ್ಲಿ ಮೊದಲಿನಿಂದಲೂ ಇತ್ತು ಎಂಬಷ್ಟೇ ನನ್ನ ವಾದ.

ಕೇಳುವ ಬಗೆಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಪಿಂಕ್ ಫ್ಲಾಯ್ಡ್ 1971ರಲ್ಲಿ ಹೊರತಂದ ‘ಎಕೋಸ್’ ಎಂಬುದು ಇಪ್ಪತ್ತಮೂರೂವರೆ ನಿಮಿಷದ ಹಾಡು. ಅದು ಪಿಯಾನೋದ ಒಂದೇ ಒಂದು ಸ್ವರದಿಂದ ಪ್ರಾರಂಭವಾಗುತ್ತದೆ. ಮಳೆ ನಿಂತ ಮೇಲೆ ಸೂರಿನಿಂದ ಹಂಡೆಗೆ ಬೀಳುವ ಹನಿಯಂತೆ ಒಂದು ಸದ್ದು, ಸುತ್ತಲೂ ಮೌನ. ಮತ್ತೊಂದು ಸದ್ದು, ಮತ್ತೆ ಮೌನ. ಆತುರದವರು ಇಷ್ಟರಲ್ಲಿಯೇ ಎದ್ದು ಹೋಗುವರು. ಆದರೆ ಜುಲೈ ತಿಂಗಳ ಮಡಿಕೇರಿಯಲ್ಲಿ ಮೂರು ದಿನ ಕಿಟಕಿಯ ಬಳಿ ಕುಳಿತವರಿಗೆ ಮಳೆಯಲ್ಲಿ ಎಷ್ಟು ಬಗೆಯಿದೆಯೆಂದು ಗೊತ್ತು. ಒಂದೇ ಸದ್ದೆಂದು ತೋರುವುದು ಕೇಳುತ್ತ ಹೋದಂತೆ ಹತ್ತು ಸದ್ದಾಗುತ್ತದೆ. ಈ ಹಾಡನ್ನೂ ಹಾಗೆಯೇ ಕೇಳಬೇಕು. ಮೊದಲ ಸಲ ಬೇಸರ ಬಂದರೂ ಬರಲಿ. ಎರಡನೆಯ ಸಲ ಮೊದಲು ಬಂದ ಸ್ವರವೇ ಕೊನೆಗೆ ವೇಷ ಬದಲಿಸಿ ಬಂದದ್ದು ಗೊತ್ತಾಗುತ್ತದೆ. ಮೂರನೆಯ ಸಲಕ್ಕೆ ಅದರ ಬರವನ್ನು ಎದುರುನೋಡಲು ತೊಡಗುತ್ತೇವೆ.

ಇದರಲ್ಲಿ ದೋಷವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಪಾಂಡಿತ್ಯಪ್ರದರ್ಶನವೇ ಸಂಗೀತವೆಂದು ಭ್ರಮಿಸಿದವರು ಇಲ್ಲಿಯೂ ಉಂಟು. ಕಾಲು ಗಂಟೆ ಡ್ರಮ್ಮು ಬಡಿದು ಸಭಿಕರನ್ನು ಹಣ್ಣು ಮಾಡಿದವರೂ ಉಂಟು. 1976–77ರ ಹೊತ್ತಿಗೆ ಇಂಗ್ಲೆಂಡಿನ ತರುಣರೇ ರೋಸಿಹೋಗಿ, ಮೂರು ಸ್ವರಮೇಳ, ಎರಡು ನಿಮಿಷ, ಮುಗಿಯಿತು ಎನ್ನುವ ಪಂಕ್ ಸಂಗೀತವನ್ನು ಎತ್ತಿ ಹಿಡಿದರು. ಆದರೂ ನೀಳ ಹಾಡು ಸಾಯಲಿಲ್ಲ. ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿಗೇ ಬಂದು ಹಾಡಿದರು. ಅದೇ ಊರಿನಲ್ಲಿ 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡವೂ, 2003ರಲ್ಲಿ ಹುಟ್ಟಿದ ಅಗಮ್ ತಂಡವೂ ನಮ್ಮ ಮನೆಯಂಗಳದ ಉದಾಹರಣೆಗಳು. ಅಗಮ್ ತಂಡದವರು ಕರ್ನಾಟಕ ಸಂಗೀತದ ಕೃತಿಗಳಿಗೆ ವಿದ್ಯುತ್ ಗಿಟಾರಿನ ಪಕ್ಕವಾದ್ಯ ಕೊಟ್ಟು ಹಾಡುವರು. ಸಂಪ್ರದಾಯಸ್ಥರು ಇದನ್ನು ಕೇಳಿ ಹುಬ್ಬು ಗಂಟಿಕ್ಕಬಹುದು; ಆದರೆ ಏಳರ ತಾಳ ಪಾಶ್ಚಾತ್ಯರಿಂದ ಸುತ್ತಿ ಬಳಸಿ ನಮ್ಮ ಮನೆಗೇ ಬಂದು ಸೇರಿತೆಂದು ನನಗೆ ಸಂತೋಷ.

ಇನ್ನು ಚಿತ್ರದ ಮಾತು. ಹನ್ನೆರಡು ಅಂಗುಲದ ತಟ್ಟೆಗೆ ಹನ್ನೆರಡು ಅಂಗುಲದ ರಟ್ಟಿನ ಹೊದಿಕೆ ಬೇಕಷ್ಟೆ. ಅದು ಗೋಡೆಗೆ ತೂಗಹಾಕುವಷ್ಟು ದೊಡ್ಡದು. ನೀಳ ಹಾಡನ್ನು ಕೇಳುವವನು ಇಪ್ಪತ್ತು ನಿಮಿಷ ಎಲ್ಲಿ ನೋಡಬೇಕು? ಕೈಯಲ್ಲಿರುವ ಹೊದಿಕೆಯನ್ನೇ. ಹೀಗೆ ಈ ಸಂಗೀತದೊಡನೆ ಒಂದು ಚಿತ್ರಕಲೆಯೂ ಬೆಳೆಯಿತು. ಕಿಂಗ್ ಕ್ರಿಮ್‌ಸನ್‌ನ ಮೊದಲ ತಟ್ಟೆಯ ಮೇಲೆ ಬಾಯ್ದೆರೆದು ಕೂಗುವ ಒಂದು ಕೆಂಪು ಮುಖವಿದೆ. ಅದನ್ನು ಬರೆದ ಬ್ಯಾರಿ ಗಾಡ್‌ಬರ್ ವೃತ್ತಿಯಿಂದ ಕಂಪ್ಯೂಟರ್ ಪ್ರೋಗ್ರಾಮರ್. ಅವನು ಮಾಡಿದ ತಟ್ಟೆಯ ಹೊದಿಕೆ ಅದೊಂದೇ. ಅದು ಹೊರಬಂದ ಕೆಲವೇ ತಿಂಗಳಲ್ಲಿ, 1970ರಲ್ಲಿ, ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ. ಲಂಡನ್ನಿನಲ್ಲಿ ಸ್ಟಾರ್ಮ್ ಥೋರ್ಗರ್ಸನ್, ಆಬ್ರಿ ಪೊವೆಲ್ ಎಂಬಿಬ್ಬರು 1968ರಲ್ಲಿ ಹಿಪ್ನಾಸಿಸ್ ಎಂಬ ಚಿತ್ರಶಾಲೆಯನ್ನು ತೆರೆದು ಛಾಯಾಚಿತ್ರದಿಂದಲೇ ಇಂಥ ಹೊದಿಕೆಗಳನ್ನು ರಚಿಸತೊಡಗಿದರು.

ಇವರ ಕೆಲಸದಲ್ಲಿ ಎರಡು ದಾರಿಗಳು ಕಾಣುತ್ತವೆ. ಒಂದು, ಅಸಂಭವವಾದುದನ್ನು ನಿಜವಾಗಿಯೇ ಮಾಡಿ ಚಿತ್ರ ತೆಗೆಯುವುದು. ಪಿಂಕ್ ಫ್ಲಾಯ್ಡ್‌ನ 1975ರ ‘ವಿಷ್ ಯೂ ವರ್ ಹಿಯರ್’ ಹೊದಿಕೆಯಲ್ಲಿ ಇಬ್ಬರು ಕೈಕುಲುಕುತ್ತಿದ್ದಾರೆ, ಒಬ್ಬನಿಗೆ ಬೆಂಕಿ ಹತ್ತಿ ಉರಿಯುತ್ತಿದೆ. ಅದು ನಿಜವಾದ ಬೆಂಕಿ. ಸಿನಿಮಾದಲ್ಲಿ ಸಾಹಸ ಮಾಡುವ ಒಬ್ಬನಿಗೆ ರಕ್ಷಾಕವಚ ತೊಡಿಸಿ ಹಚ್ಚಿದ್ದು. ಗಾಳಿ ತಿರುಗಿ ಅವನ ಮೀಸೆ ಸುಟ್ಟಿತು. ಕೊನೆಗೆ ಇಬ್ಬರನ್ನೂ ಅದಲುಬದಲು ನಿಲ್ಲಿಸಿ ತೆಗೆದು, ಅಚ್ಚಿನಲ್ಲಿ ಎಡ ಬಲ ತಿರುಗಿಸಿದರು. 1987ರ ಇನ್ನೊಂದು ತಟ್ಟೆಗಾಗಿ ಥೋರ್ಗರ್ಸನ್ ಏಳುನೂರು ಕಬ್ಬಿಣದ ಮಂಚಗಳನ್ನು ಸಮುದ್ರದಂಡೆಗೆ ಹೊರಿಸಿ ಸಾಲಾಗಿ ಹಾಕಿಸಿದ. ಎರಡನೆಯದು ಅಂಟಿಸುವ ದಾರಿ. 1976ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ವಿದ್ಯುದಾಗಾರದ ಚಿಮಣಿಗಳ ನಡುವೆ ಗಾಳಿ ತುಂಬಿದ ದೊಡ್ಡ ಹಂದಿಯೊಂದನ್ನು ತೇಲಿಬಿಟ್ಟು ಚಿತ್ರ ತೆಗೆಯುವ ಏರ್ಪಾಡು ನಡೆಯಿತು. ಹಂದಿ ಹಗ್ಗ ಕಿತ್ತುಕೊಂಡು ವಿಮಾನಗಳ ದಾರಿಯಲ್ಲಿ ಹಾರಿ, ದೂರದ ಹೊಲವೊಂದರಲ್ಲಿ ಬಿತ್ತು. ಮರಳಿ ತಂದು ಬೇರೊಂದು ದಿನ ತೆಗೆದ ಹಂದಿಯನ್ನು, ಮೊದಲ ದಿನದ ಮೋಡ ತುಂಬಿದ ಆಕಾಶಕ್ಕೆ ಅಂಟಿಸಿದರು. ಕೋಟ್ಯಂತರ ಜನ ನೋಡಿದ ಆ ದೃಶ್ಯ ಯಾವ ದಿನವೂ ಆ ರೂಪದಲ್ಲಿ ನಡೆಯಲಿಲ್ಲ.

ಅಂಟಿಸುವ ಕಲೆ ಹೊಸದಲ್ಲ. 1857ರಲ್ಲಿಯೇ ರೈಲಾಂಡರ್ ಎಂಬಾತ ಸುಮಾರು ಮೂವತ್ತು ನೆಗೆಟಿವುಗಳನ್ನು ಕೂಡಿಸಿ ಒಂದೇ ಚಿತ್ರ ಮಾಡಿದ. ಮರುವರ್ಷ ರಾಬಿನ್‌ಸನ್ ಎಂಬಾತ ಐದು ನೆಗೆಟಿವುಗಳಿಂದ ಸಾಯುತ್ತಿರುವ ಹುಡುಗಿಯೊಬ್ಬಳ ಚಿತ್ರ ಮಾಡಿದಾಗ ಜನ ಮನನೊಂದರು, ಆಕ್ಷೇಪಿಸಿದರು. ಆ ಹುಡುಗಿ ಆರೋಗ್ಯವಾಗಿಯೇ ಇದ್ದಳು! ನಮ್ಮ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರು ತಾವೇ ವೇಷ ತೊಟ್ಟು ಹಳೆಯ ಚಿತ್ರಗಳನ್ನು ಮರಳಿ ಕಟ್ಟಿ ಛಾಯಾಚಿತ್ರದ ‘ಸತ್ಯ’ವನ್ನೇ ಪ್ರಶ್ನಿಸಿದ್ದಾರೆ. ಅಷ್ಟು ದೂರವೇಕೆ? ನಮ್ಮ ಮನೆಗಳ ಗೋಡೆಗಳನ್ನೇ ನೋಡಿ. ಅಜ್ಜ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅಜ್ಜಿ ಸ್ಟುಡಿಯೋಕ್ಕೆ ಹೋಗಿ, ಅಜ್ಜನ ಹಳೆಯ ಫೋಟೋ ಕೊಟ್ಟು, ತನ್ನ ಪಕ್ಕದಲ್ಲಿ ಕೂಡಿಸಿ ತೆಗೆಸಿಕೊಂಡ ಪಟ ಎಷ್ಟು ಮನೆಗಳಲ್ಲಿಲ್ಲ! ಅಜ್ಜ ಇಪ್ಪತ್ತೆಂಟರ ತರುಣ, ಅಜ್ಜಿಗೆ ಅರುವತ್ತು. ಅದನ್ನು ಸುಳ್ಳೆಂದು ಯಾರೂ ಹೇಳುವುದಿಲ್ಲ.

ಈಗ ಈ ಕೆಲಸವನ್ನು ಕಂಪ್ಯೂಟರು ಹೇಗೆ ಮಾಡುತ್ತದೆಂಬುದನ್ನು ನೋಡೋಣ. ಕಂಪ್ಯೂಟರಿಗೆ ಚಿತ್ರವೆಂದರೆ ಅಂಕಿಗಳ ಒಂದು ದೊಡ್ಡ ಚೌಕುಳಿ ಹಾಳೆ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ತನ್ನ ಹಸುಗೂಸಿನ ಫೋಟೋವನ್ನು ಮೊದಲ ಸಲ ಹೀಗೆ ಅಂಕಿಗಳಾಗಿಸಿದಾಗ ಆ ಹಾಳೆಯಲ್ಲಿದ್ದದ್ದು ಅಡ್ಡಕ್ಕೆ 176, ಉದ್ದಕ್ಕೆ 176 ಚೌಕಗಳು, ಅಂದರೆ 30,976. ಇಂದಿನ ಸಾಧಾರಣ ಫೋನಿನ ಚಿತ್ರದಲ್ಲಿ ಕೋಟಿಗೂ ಮಿಕ್ಕಿ ಚೌಕಗಳಿರುತ್ತವೆ. ಇವೇ ಪಿಕ್ಸೆಲುಗಳು. ಒಂದೊಂದು ಪಿಕ್ಸೆಲಿಗೂ ಕೆಂಪು, ಹಸಿರು, ನೀಲಿಗಳಿಗೆ ಒಂದೊಂದರಂತೆ ಮೂರು ಅಂಕಿಗಳು. ಪ್ರತಿಯೊಂದೂ 0ಯಿಂದ 255ರ ವರೆಗೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಹೀಗೆ ಒಟ್ಟು 1,67,77,216 ಬಣ್ಣಗಳು ಸಾಧ್ಯ.

ಬಣ್ಣವು ಅಂಕಿಯಾದ ಮೇಲೆ ಲೆಕ್ಕ ಮಾಡಬಹುದಲ್ಲವೆ? ಅದೇ ಗುಟ್ಟು. ರಾಜಾಸೀಟಿನಲ್ಲಿ ನಿಂತು ಪಡುವಣಕ್ಕೆ ನೋಡಿದವರು ಬೆಟ್ಟಗಳ ಸಾಲನ್ನು ಕಂಡಿರುತ್ತಾರೆ. ಹತ್ತಿರದ್ದು ಕಡುಹಸಿರು, ಆಚೆಯದು ನೀಲಿ, ಅದರಾಚೆಯದು ಬೂದಿ, ಕೊನೆಯದು ಆಕಾಶವೋ ಬೆಟ್ಟವೋ ತಿಳಿಯದು. ಒಂದರ ಮುಂದೊಂದು ನಿಲ್ಲಿಸಿದ ಪದರಗಳಂತೆ ಅವು ತೋರುತ್ತವೆ. ಕಂಪ್ಯೂಟರಿನಲ್ಲಿಯೂ ಚಿತ್ರಗಳನ್ನು ಹೀಗೆಯೇ ಪದರಪದರವಾಗಿ ಒಂದರ ಮೇಲೊಂದು ಇಡುವೆವು. ಪ್ರತಿ ಪದರಕ್ಕೂ ಒಂದು ಮರೆಯುಂಟು: ಮರೆಯಲ್ಲಿ ಬಿಳಿ ಬಳಿದ ಕಡೆ ಆ ಪದರ ಕಾಣುತ್ತದೆ, ಕಪ್ಪು ಬಳಿದ ಕಡೆ ಅಡಗುತ್ತದೆ, ಬೂದು ಬಳಿದ ಕಡೆ ಅರೆಪಾರದರ್ಶಕವಾಗುತ್ತದೆ. ಎರಡು ಪದರಗಳ ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸಿದರೆ ಚಿತ್ರ ಕಪ್ಪಾಗುತ್ತದೆ. 128ನ್ನು 128ರಿಂದ ಗುಣಿಸಿ ಹಾಗೆ ಭಾಗಿಸಿದರೆ ಬರುವುದು 64. ನೆರಳು ಹಾಕಲು ಇದೇ ಲೆಕ್ಕ. ಇದನ್ನೇ ತಿರುವುಮುರುವು ಮಾಡಿದರೆ ಚಿತ್ರ ಬೆಳ್ಳಗಾಗುತ್ತದೆ. ಮಂಜು ಕವಿಸಲು ಆ ಲೆಕ್ಕ. ಫೋಟೋಶಾಪ್ ಎಂಬ ತಂತ್ರಾಂಶ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅದಕ್ಕೆ ಪದರಗಳ ಸೌಕರ್ಯ ಬಂದದ್ದು 1994ರಲ್ಲಿ. ಅದನ್ನು ಕೊಳ್ಳುವ ಶಕ್ತಿಯಿಲ್ಲದ ನನ್ನಂಥವರಿಗೆ ಗಿಂಪ್ ಎಂಬ ಉಚಿತ ತಂತ್ರಾಂಶವಿದೆ. ಅದನ್ನು 1995ರಲ್ಲಿ ಪ್ರಾರಂಭಿಸಿದವರು ಕ್ಯಾಲಿಫೋರ್ನಿಯಾದ ಇಬ್ಬರು ಕಾಲೇಜು ವಿದ್ಯಾರ್ಥಿಗಳೆಂಬುದನ್ನು ನಮ್ಮ ಮಿತ್ರರು ಗಮನಿಸಬೇಕು.

ಕೂಡಿಸಿದ ಚಿತ್ರ ನಂಬುವಂತಿರಬೇಕಾದರೆ ಮೂರು ವಿಷಯಗಳನ್ನು ಕಾಯಬೇಕು. ಎಲ್ಲ ತುಂಡುಗಳಲ್ಲಿಯೂ ಬೆಳಕು ಒಂದೇ ದಿಕ್ಕಿನಿಂದ ಬರಬೇಕು. ದೂರದ ವಸ್ತು ಹತ್ತಿರದ್ದಕ್ಕಿಂತ ಮಂಕಾಗಿರಬೇಕು. ಅಂಚು ಕತ್ತರಿಯಿಂದ ಕತ್ತರಿಸಿದಂತೆ ಹರಿತವಾಗಿರಬಾರದು. ಈ ಮೂರನ್ನೂ ನಾನು ಚೆನ್ನಾಗಿಯೇ ಕಲಿತೆ. ಕಲಿತದ್ದೇ ಅನರ್ಥಕ್ಕೆ ಕಾರಣವಾಯಿತು.

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಕುಸಿದದ್ದನ್ನು ಕೊಡಗಿನವರು ಮರೆಯಲಾರರು. ನಮ್ಮ ದೊಡ್ಡಪ್ಪನ ಮನೆ ಹೋದದ್ದು ಆಗಲೇ. ಹಿಂದಿನ ದಿನವೇ ಅವರನ್ನೂ ದೊಡ್ಡಮ್ಮನನ್ನೂ ಹೊರಗೆ ಕರೆತಂದಿದ್ದರಿಂದ ಜೀವಕ್ಕೆ ಅಪಾಯವಾಗಲಿಲ್ಲ. ಮನೆ, ಕೊಟ್ಟಿಗೆ, ಕಾಫಿ ತೋಟದ ಮೇಲ್ಭಾಗ ಎಲ್ಲವೂ ಕೆಮ್ಮಣ್ಣಿನೊಡನೆ ತೋಡಿಗೆ ಇಳಿದುಹೋದವು. ದೊಡ್ಡಪ್ಪನಿಗೆ ಮಂಡಿನೋವು, ನೋಡಿದರೆ ಎದೆ ಒಡೆದೀತೆಂದು ಮಕ್ಕಳೂ ಅವರನ್ನು ಅಲ್ಲಿಗೆ ಮತ್ತೆ ಕರೆದುಕೊಂಡು ಹೋಗಲಿಲ್ಲ.

‘ವಿಷ್ ಯೂ ವರ್ ಹಿಯರ್’ ತಟ್ಟೆಯ ಆದಿ ಅಂತ್ಯಗಳಲ್ಲಿ ಒಂಬತ್ತು ಭಾಗಗಳ ಒಂದು ನೀಳ ಹಾಡಿದೆ. ಅದು ತಂಡವನ್ನು ಕಟ್ಟಿದವರಲ್ಲೊಬ್ಬನಾಗಿದ್ದು, ಮನಸ್ಸಿನ ಸ್ಥಿಮಿತ ಕಳೆದುಕೊಂಡು 1968ರಲ್ಲಿ ದೂರವಾದ ಸಿಡ್ ಬ್ಯಾರೆಟ್‌ನನ್ನು ನೆನೆದು ಮಾಡಿದ್ದು. 1975ರ ಜೂನ್ ತಿಂಗಳಲ್ಲಿ ಅದರ ಕೆಲಸ ನಡೆಯುತ್ತಿರುವಾಗಲೇ ತಲೆ ಹುಬ್ಬು ಬೋಳಿಸಿಕೊಂಡ ಒಬ್ಬ ಸ್ಥೂಲಕಾಯದವನು ಸ್ಟುಡಿಯೋದ ಒಳಗೆ ಬಂದು ಕುಳಿತ. ಅವನೇ ಬ್ಯಾರೆಟ್ ಎಂಬುದು ಗೆಳೆಯರಿಗೆ ಬಹಳ ಹೊತ್ತು ಗುರುತಾಗಲಿಲ್ಲ. ಇಲ್ಲದವನ ಮೇಲೆ ಹಾಡು ಕಟ್ಟುತ್ತಿದ್ದವರ ಎದುರಿಗೆ ಇಲ್ಲದವನೇ ಬಂದು ಕುಳಿತಿದ್ದ. ಕಳೆದ ಮಳೆಗಾಲದ ಒಂದು ರಾತ್ರಿ ಈ ಹಾಡನ್ನು ಕೇಳುತ್ತಿದ್ದಾಗ ನನಗೆ ದೊಡ್ಡಪ್ಪನ ಮನೆ ನೆನಪಾಯಿತು. 2016ರ ಮದುವೆಯೊಂದರ ದಿನ ತೆಗೆದ ಆ ಮನೆಯ ಚಿತ್ರವೊಂದು ನನ್ನಲ್ಲಿತ್ತು. 2018ರ ಡಿಸೆಂಬರಿನಲ್ಲಿ ಅಪ್ಪ ತೆಗೆದ, ಸೀಳಿದ ಗುಡ್ಡದ ಚಿತ್ರವೂ ಇತ್ತು. ಎರಡನ್ನೂ ಕೂಡಿಸಿದೆ. ಕೆಂಪು ಗಾಯದ ನಟ್ಟನಡುವೆ ಹೆಂಚಿನ ಮನೆ, ಸುತ್ತಲೂ ಮಂಜು. ಬೆಳಕು ಸರಿಹೊಂದಲೆಂದು ಮನೆಯ ಚಿತ್ರವನ್ನು ಎಡ ಬಲ ತಿರುಗಿಸಿದೆ. ಚಿತ್ರ ನಾಲ್ಕಾರು ಗೆಳೆಯರಿಗೆ ಹೋಯಿತು. ಅವರಿಂದ ಇನ್ನಾರಿಗೋ ಹೋಯಿತು. ಮೂರು ದಿನಗಳಲ್ಲಿ ಅದು ‘ಗುಡ್ಡ ಕುಸಿದರೂ ಪವಾಡದಂತೆ ಉಳಿದ ಮನೆ’ ಎಂಬ ತಲೆಬರಹ ಹೊತ್ತು ಫೋನಿನಿಂದ ಫೋನಿಗೆ ಹಾರುತ್ತಿತ್ತು. ಹಗ್ಗ ಕಿತ್ತ ಹಂದಿಯಾದರೂ ಒಂದು ಹೊಲದಲ್ಲಿ ಬಿತ್ತು. ಇದು ಎಲ್ಲಿಯೂ ಬೀಳಲಿಲ್ಲ.

ನಾಲ್ಕನೆಯ ದಿನ ದೊಡ್ಡಮ್ಮನ ಫೋನು ಬಂತು. ದೊಡ್ಡಪ್ಪ ಬೆಳಿಗ್ಗೆಯೇ ಅಂಗಿ ತೊಟ್ಟು, ಕೊಡೆ ಹಿಡಿದು, ಜಗಲಿಯಲ್ಲಿ ಕುಳಿತಿದ್ದಾರಂತೆ. ಜೀಪು ತರಿಸಿ ಎನ್ನುತ್ತಾರಂತೆ. ನಾನು ಓಡಿದೆ. ಅವರ ಕೈಯಲ್ಲಿ ಫೋನಿತ್ತು. ‘ಮನೆ ಉಂಟಲ್ಲ ಮಗಾ! ಇಷ್ಟು ವರ್ಷ ನೀವೆಲ್ಲ ಸೇರಿ ಇಲ್ಲ ಅಂತ ಯಾಕೆ ಹೇಳಿದ್ರಿ?’ ಎಂದರು. ಆ ಕ್ಷಣದಲ್ಲಿ ನನಗೆ ಬಂದ ಸಂಕಟವನ್ನು ಬರೆಯಲಾರೆ. ಅವರ ಪಕ್ಕದಲ್ಲಿ ಕುಳಿತು, ಕಂಪ್ಯೂಟರನ್ನು ತೆರೆದು, ಪದರಗಳನ್ನು ಒಂದೊಂದಾಗಿ ತೆಗೆದು ತೋರಿಸಿದೆ. ಮಂಜು ಹೋಯಿತು. ನೆರಳು ಹೋಯಿತು. ಮನೆ ಹೋಯಿತು. ಗುಡ್ಡ ಉಳಿಯಿತು. ಅವರು ಆ ಗುಡ್ಡವನ್ನು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೊಡೆಯನ್ನು ಗೋಡೆಗೆ ಒರಗಿಸಿ, ‘ಹಲಸಿನ ಮರ ಎಡಗಡೆ ಇದ್ದದ್ದು. ನೀನು ಬಲಗಡೆ ಇಟ್ಟಿದ್ದಿ. ನನಗೆ ಆಗಲೇ ಸಂಶಯ ಬರಬೇಕಿತ್ತು’ ಎಂದರು.

ಕಲೆಯಲ್ಲಿ ಕೂಡಿಸುವುದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಕತ್ತರಿಸಿ ಅಂಟಿಸಿದ ಟೇಪು ಹಾಡಾಗುವುದಾದರೆ ಕತ್ತರಿಸಿ ಅಂಟಿಸಿದ ಚಿತ್ರವೂ ಚಿತ್ರವೇ. ಆದರೆ ಒಂದು ವ್ಯತ್ಯಾಸವನ್ನು ನಾನು ಮರೆತಿದ್ದೆ. ತಟ್ಟೆಯ ಹೊದಿಕೆಯ ಮೇಲೆ ತಂಡದ ಹೆಸರಿರುತ್ತದೆ. ಅದು ಅಂಗಡಿಯಲ್ಲಿ ತಟ್ಟೆಯೊಡನೆ ಬರುತ್ತದೆ. ಹಂದಿ ಹಾರಿತೆಂದು ನಂಬಿ ಯಾರೂ ಕೊಡೆ ಹಿಡಿದು ಹೊರಡುವುದಿಲ್ಲ. ಅಜ್ಜಿಯ ಪಟವನ್ನು ಮಾಡಿಸಿದವಳು ಅಜ್ಜಿಯೇ, ನೋಡುವವರು ಮನೆಯವರೇ. ನನ್ನ ಚಿತ್ರ ಯಾವ ಹೊದಿಕೆಯೂ ಇಲ್ಲದೆ ಹೊರಬಿದ್ದಿತ್ತು. ಅದನ್ನು ಛಾಯಾಚಿತ್ರವೆಂದು ನಂಬಿದವರದು ತಪ್ಪಲ್ಲ, ಹಾಗೆ ಬಿಟ್ಟವನದು. ನಾಲ್ಕು ಮಾತು ಬರೆದುಕೊಟ್ಟರೆ ಯಂತ್ರವೇ ಇಡೀ ಚಿತ್ರವನ್ನು ಹುಟ್ಟಿಸಿಕೊಡುವ ಕಾಲ ಈಗ ಬಂದಿರುವುದರಿಂದ ಈ ಮಾತು ನನ್ನೊಬ್ಬನಿಗೆ ಸೇರಿದ್ದಲ್ಲ. ಈಗ ನಾನು ಮಾಡುವ ಪ್ರತಿ ಚಿತ್ರದ ಕೆಳಗೂ, ಅದರ ಮೈಮೇಲೆಯೇ, ‘ಇದು ಕೂಡಿಸಿ ಮಾಡಿದ ಚಿತ್ರ’ ಎಂದು ಬರೆಯುತ್ತೇನೆ. ಬದಿಯಲ್ಲಿ ಬರೆದರೆ ಕತ್ತರಿಸಿ ಹಾಕುವವರಿದ್ದಾರೆ.

ದೊಡ್ಡಪ್ಪ ಆ ಚಿತ್ರವನ್ನು ಅಳಿಸಲು ಹೇಳಲಿಲ್ಲ. ತಿದ್ದಲು ಹೇಳಿದರು. ಹಲಸಿನ ಮರ ಎಡಕ್ಕೆ ಬಂತು. ಅಂಗಳದ ಮೂಲೆಯಲ್ಲಿ ಬಾವಿಯಿತ್ತು, ಅದು ಮದುವೆಯ ಫೋಟೋದಲ್ಲಿ ಬಿದ್ದಿರಲಿಲ್ಲ. ಬೇರೆಲ್ಲಿಂದಲೋ ಒಂದು ಬಾವಿ ತಂದೆ. ‘ನಮ್ಮದರ ಕಟ್ಟೆ ಇಷ್ಟು ಎತ್ತರ ಇರಲಿಲ್ಲ’ ಎಂದರು, ತಗ್ಗಿಸಿದೆ. ಎರಡು ಭಾನುವಾರ ಹೀಗೆಯೇ ಹೋದವು. ಹಿನ್ನೆಲೆಯಲ್ಲಿ ನನ್ನ ನೀಳ ಹಾಡು ನಡೆಯುತ್ತಿತ್ತು. ‘ಇದು ಮುಗಿಯುವುದೇ ಇಲ್ಲವಾ?’ ಎಂದು ಅವರೂ ಒಮ್ಮೆ ಕೇಳಿದರು, ನಿಲ್ಲಿಸು ಎನ್ನಲಿಲ್ಲ. ಅಚ್ಚು ಹಾಕಿಸಿ ಕಟ್ಟು ಹಾಕಿಸಿದ ಆ ಚಿತ್ರ ಈಗ ಅವರ ಹೊಸ ಮನೆಯ ಗೋಡೆಯ ಮೇಲಿದೆ. ಕೆಳಗೆ ನನ್ನ ಸಾಲೂ ಇದೆ. ಮನೆಗೆ ಬಂದವರಿಗೆ ಅವರೇ ಅದನ್ನು ಓದಿ ಹೇಳುತ್ತಾರೆ. ಆಮೇಲೆ ಹಲಸಿನ ಮರವನ್ನು ತೋರಿಸುತ್ತಾರೆ.